ಪಟ್ಟದ ಬೊಂಬೆಗಳು ಪರದೆಗೆ ಬಂದ ವೃತ್ತಾಂತ

ಧನುರ್ಮಾಸದ ಬೆಳಗು. ವಿದ್ಯಾರಣ್ಯಪುರಂನ ನಮ್ಮ ಮನೆಯ ಜಗಲಿಗೆ ಬಿಸಿಲು ಇನ್ನೂ ಪೂರ್ತಿಯಾಗಿ ಬಂದಿಲ್ಲ. ಎದುರು ಮನೆಯಿಂದ ಬಂದ ಹುಗ್ಗಿಯ ಡಬ್ಬಿ ಪಕ್ಕದಲ್ಲಿದೆ. ಅದರ ಮುಚ್ಚಳ ತೆಗೆಯುವ ಮುನ್ನ ಈ ನಾಲ್ಕಾರು ಪ್ರಸಂಗಗಳನ್ನು ಬರೆದು ಮುಗಿಸಬೇಕೆಂಬುದು ಸಂಕಲ್ಪ. ಮನುಷ್ಯರು ಯಂತ್ರವನ್ನು ತಮ್ಮ ಮನೆಯ ಪದ್ಧತಿಗೆ ಒಗ್ಗಿಸಲು ಹೊರಟಲ್ಲೆಲ್ಲ ಇಂಥವು ನಡೆಯುತ್ತಲೇ ಇರುತ್ತವೆ. ಈ ಸಲ ನಮ್ಮ ಬೀದಿಯಲ್ಲಿ ನಡೆದವು ಎಂಬುದಷ್ಟೇ ವಿಶೇಷ.

ಎದುರು ಮನೆಯಾಕೆ ಪೇಟೆಯಲ್ಲಿ ಬೊಂಬೆಗಳ ಅಂಗಡಿಯನ್ನಿಟ್ಟವರು. ಅತ್ತೆಯ ಕಾಲದಿಂದ ಬಂದ ವ್ಯಾಪಾರ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಅಧಿಕಾರ. ಆದಕಾರಣ ಬೀದಿಯವರೆಲ್ಲ ಅವರನ್ನು ಯಜಮಾನಿಯೆಂದೇ ಕರೆಯುವುದು. ಕಳೆದ ಆಷಾಢದಲ್ಲಿ ಅಂಗಡಿಯಿದ್ದ ಕಟ್ಟಡದ ಒಡೆಯರು ದಸರಾ ಮುಗಿದೊಡನೆ ಅದನ್ನು ಕೆಡವಿಸುವುದಾಗಿ ತಿಳಿಸಿದರು. ಬೇರೆ ಮಳಿಗೆ ಹಿಡಿಯುವುದು ಯಜಮಾನಿಯ ಅಳವಿಗೆ ಮೀರಿದ ಮಾತು. ಉಳಿದ ದಾರಿಗಳು ಎರಡು. ಅಂತರಜಾಲದಲ್ಲಿ ಅಂಗಡಿ ತೆರೆದು ಮನೆಯಿಂದಲೇ ವ್ಯಾಪಾರ ನಡೆಸುವುದು ಒಂದು; ಇದ್ದ ಬೊಂಬೆಗಳನ್ನೆಲ್ಲ ಒಟ್ಟಿಗೆ ಮಾರಿ ಕೈತೊಳೆದುಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ಗಿರಾಕಿ ಸಿದ್ಧನಾಗಿಯೇ ಇದ್ದ. ಹೋಟೆಲುಗಳ ಹಜಾರಗಳನ್ನು ಅಲಂಕರಿಸುವ ಗುತ್ತಿಗೆದಾರನೊಬ್ಬ ಎಲ್ಲವನ್ನೂ ಕೊಳ್ಳಲು ಒಪ್ಪಿದ್ದ, ಆದರೆ ಅಂಗಡಿಯ ಪಟ್ಟದ ಬೊಂಬೆಗಳೂ ಜೊತೆಯಲ್ಲಿ ಬರಬೇಕೆಂಬ ಷರತ್ತಿನ ಮೇಲೆ.

ಪಟ್ಟದ ಬೊಂಬೆಯೆಂದರೆ ನವರಾತ್ರಿಯಲ್ಲಿ ಮೇಲಿನ ಮೆಟ್ಟಿಲಿನಲ್ಲಿ ಕೂಡಿಸುವ ಮರದ ರಾಜರಾಣಿಯರ ಜೋಡಿ. ಉಳಿದವೆಲ್ಲ ಅವರ ಪರಿವಾರ. ಮಾರುವ ಜೋಡಿಗಳು ಅಂಗಡಿಯಲ್ಲಿ ಬೇರೆಯೇ ಇದ್ದವು; ಯಜಮಾನಿಯ ಸ್ವಂತ ಜೋಡಿ ಅವರ ಅತ್ತೆಗೆ ತವರಿನಿಂದ ಮದುವೆಯಲ್ಲಿ ಬಂದದ್ದು. ಅಂಗಡಿಯಲ್ಲಿ ನಿಂತಿದ್ದರೂ ಎಂದೂ ಮಾರಾಟಕ್ಕೆ ನಿಂತದ್ದಲ್ಲ. ನವರಾತ್ರಿಯೊಳಗೆ ಪರದೆಯ ಅಂಗಡಿ ನಡೆದರೆ ಆ ದಂಪತಿಗಳು ಮನೆಯಲ್ಲಿ, ನಡೆಯದಿದ್ದರೆ ಹೋಟೆಲಿನಲ್ಲಿ. ವಿಷಯ ಇಷ್ಟು ನಿಚ್ಚಳವಾಗಿತ್ತು.

ಪರದೆಯ ಅಂಗಡಿಯನ್ನು ಕಟ್ಟಲು ಬಂದವಳು ಬನ್ನಿಮಂಟಪದ ಕಡೆಯ ಎಂಜಿನಿಯರ್ ಹುಡುಗಿ. ಸಣ್ಣ ವ್ಯಾಪಾರಿಗಳಿಗೆ ಇಂಥ ತಂತ್ರಾಂಶಗಳನ್ನು ಅಳವಡಿಸಿಕೊಡುವುದು ಅವಳ ಉದ್ಯೋಗ. ಭಾನುವಾರ ಚರ್ಚಿನ ಗಾಯನದಲ್ಲಿ ನಿಲ್ಲುವುದು ಅವಳ ವ್ರತ. ಓಲೆಗರಿಗಳ ಹಳಗನ್ನಡವನ್ನು ತಿದ್ದುತ್ತ ಕಣ್ಣು ಸವೆಸಿದ ನನಗೆ ಇದರಲ್ಲೇನು ಕೆಲಸವೆಂದರೆ, ಬೊಂಬೆಗಳಿಗೆ ಹೆಸರು ಬರೆದುಕೊಡುವುದು ಮತ್ತು ತಂತ್ರಾಂಶವಾಡುವ ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ತರುವುದು. "ಮೇಷ್ಟ್ರು ಬರೆದ್ರೆ ಗಿರಾಕಿಗಳು ಭಯಭಕ್ತಿಯಿಂದ ಓದ್ತಾರೆ" ಎಂದು ಯಜಮಾನಿ ತೀರ್ಮಾನಿಸಿದ್ದರು.

ಬಿರುದಾವಳಿ

ಒಂದೊಂದು ಬೊಂಬೆಯ ಚಿತ್ರವನ್ನೂ ಬಿಡಿಬಿಡಿಯಾಗಿ ಏರಿಸುತ್ತ ಕುಳಿತರೆ ದಸರಾ ಕಳೆದು ಯುಗಾದಿ ಬಂದೀತು. ಆದ್ದರಿಂದ ಅಷ್ಟನ್ನೂ ಗಂಟು ಕಟ್ಟಿ ಒಮ್ಮೆಗೇ ಏರಿಸಬೇಕು. ಯಂತ್ರವು ಗಂಟನ್ನು ಬಿಚ್ಚಿ, ಪ್ರತಿಯೊಂದು ಚಿತ್ರದ ಹೆಸರನ್ನು ನೋಡಿ, ಯಾವುದು ಯಾವ ಬೊಂಬೆಗೆ ಸಲ್ಲಬೇಕೋ ಅದಕ್ಕೆ ಸಲ್ಲಿಸುತ್ತದೆ. ಎಂಜಿನಿಯರ್ ಹುಡುಗಿ ವಿವರಿಸಿದ್ದು ಇಷ್ಟು. ಹೆಸರಿನ ಬದಲು ಅಂಕಿಗಳನ್ನಿಟ್ಟರೆ ಎಲ್ಲಕ್ಕಿಂತ ಸುಲಭವೆಂದೂ ಅವಳು ಸೇರಿಸಿದಳು.

ಯಜಮಾನಿ ಒಪ್ಪಲಿಲ್ಲ. "ನಂಬರ್ ಹಾಕಿ ಕೂಗೋದಕ್ಕೆ ಅವೇನು ಜೈಲಲ್ಲಿ ಇರೋವೇನಮ್ಮ? ಮೇಷ್ಟ್ರು ಹೆಸರಿಡ್ತಾರೆ ಬುಡು."

ನಾನು ಹೆಸರಿಟ್ಟೆ. ಹೆಸರೆಂದರೆ ಬರಿಯ ಹೆಸರಲ್ಲ. ಅರಸನ ಸಭೆಯಲ್ಲಿ ನಿಲ್ಲುವ ಬೊಂಬೆಗೆ ತಕ್ಕ ವಿಶೇಷಣಗಳು ಮುಂದೆ ನಡೆದು, ಹೆಸರು ಅವುಗಳ ಹಿಂದೆ ಮೆಲ್ಲನೆ ಬರಬೇಕು. ಮೊದಲಿಗೆ ಶ್ರೀಕಾರ, ಬಳಿಕ ಊರಿನ ಕೀರ್ತನೆ, ಬಳಿಕ ನವರಾತ್ರಿಯ ವೈಭವ, ಬಳಿಕ ಬೊಂಬೆಯ ಕುಲಗೋತ್ರ, ಕಡೆಯಲ್ಲಿ ಅದು ಆನೆಯೋ ಅಂಬಾರಿಯೋ ಎಂಬ ನಿರ್ದೇಶ. ಮೊದಲ ಮೂರು ಭಾಗಗಳು ಎಲ್ಲ ಬೊಂಬೆಗಳಿಗೂ ಸಮಾನ. ಪರಿವಾರವೆಲ್ಲ ಒಂದೇ ಆಸ್ಥಾನದ್ದಾದ್ದರಿಂದ ಅದು ಔಚಿತ್ಯಪೂರ್ಣವೂ ಆಗಿತ್ತು.

ಗಂಟು ಏರಿತು. ಪ್ರತಿಯೊಂದು ಚಿತ್ರದ ಮುಂದೆಯೂ ಸಫಲವೆಂಬ ಹಸಿರು ಗುರುತು ಮೂಡಿತು. ಯಜಮಾನಿ ಪರದೆಗೆ ಕೈಮುಗಿದರು. ಅನಂತರ ಅಂಗಡಿಯ ಪುಟವನ್ನು ತೆರೆದು ನೋಡಿದರೆ, ಗಣಪತಿಯಿರಬೇಕಾದಲ್ಲಿ ಹಾವಾಡಿಗ. ರಾಜನಿರಬೇಕಾದಲ್ಲಿ ಹಾವಾಡಿಗ. ದಶಾವತಾರದ ಹತ್ತೂ ಸ್ಥಾನಗಳಲ್ಲಿ ಹಾವಾಡಿಗನೇ ಪುಂಗಿಯೂದುತ್ತ ಕುಳಿತಿದ್ದ.

ಎಂಜಿನಿಯರ್ ಹುಡುಗಿ ಕಾರಣವನ್ನು ಬೇಗನೆ ಕಂಡುಹಿಡಿದಳು. ಯಂತ್ರವು ಹೆಸರಿನ ಮೊದಲ ಭಾಗವನ್ನಷ್ಟೇ ಇಟ್ಟುಕೊಂಡು ಉಳಿದುದನ್ನು ಕತ್ತರಿಸುವ ಸ್ವಭಾವದ್ದು. ಕತ್ತರಿಸಿದ ಮೇಲೆ ಎಲ್ಲ ಬೊಂಬೆಗಳ ಹೆಸರೂ ಒಂದೇ ಆಯಿತು; ಒಂದೇ ಹೆಸರಿನ ಚಿತ್ರ ಬಂದರೆ ಹಿಂದಿನದನ್ನು ಅಳಿಸಿ ಹೊಸದನ್ನಿಡುವುದು ಅದರ ಇನ್ನೊಂದು ಸ್ವಭಾವ. ಗಂಟಿನ ತಳದಲ್ಲಿದ್ದ ಹಾವಾಡಿಗ ಎಲ್ಲರಿಗಿಂತ ಕಡೆಯಲ್ಲಿ ಬಂದು, ಎಲ್ಲರ ಬಿರುದುಗಳನ್ನೂ ಹೊತ್ತು ಉಳಿದುಕೊಂಡಿದ್ದ.

"ಸರ್, ನಿಮ್ಮ ವಿಶೇಷಣಗಳು ಮುಗಿಯೋ ಹೊತ್ತಿಗೆ ಜಾಗ ಮುಗಿದಿತ್ತು. ಯಾರು ಅಂತ ಹೇಳೋಕೆ ಬೊಂಬೆಗೆ ಪುರುಸೊತ್ತೇ ಸಿಕ್ಕಿಲ್ಲ" ಎಂದಳು.

ಶಾಸನಗಳಲ್ಲಿಯೂ ಹೀಗೆಯೇ ಎಂದು ನಾನು ಅವಳಿಗೆ ತಿಳಿಸಿದೆ. ಬಿರುದುಗಳು ಮುಗಿಯುವಲ್ಲಿಗೆ ಸರಿಯಾಗಿ ಕಲ್ಲು ಒಡೆದಿರುತ್ತದೆ. ದಾನ ಕೊಟ್ಟವನಾರೆಂಬುದು ಯಾರಿಗೂ ತಿಳಿಯುವುದಿಲ್ಲ. ಅವಳು, ಹಾಗಾದರೆ ಕಲ್ಲು ಕೆತ್ತಿದವರಿಗೂ ಮೊದಲು ಹೆಸರು, ಆಮೇಲೆ ಹೊಗಳಿಕೆ ಎಂದು ಯಾರಾದರೂ ಹೇಳಬೇಕಿತ್ತು ಸರ್, ಎಂದಳು. ಐವತ್ತು ವರ್ಷದ ವ್ಯಾಸಂಗದಲ್ಲಿ ನನಗೆ ಈ ಸಲಹೆ ಹೊಳೆದಿರಲಿಲ್ಲ.

ಹೆಣ್ಣಿನ ಕಡೆ, ಗಂಡಿನ ಕಡೆ

ಚಿತ್ರಗಳನ್ನು ತೆಗೆದವರು ಮದುವೆಗಳ ಛಾಯಾಗ್ರಾಹಕರು. ಊರಿನಲ್ಲಿ ಅವರಿಗೆ ಒಳ್ಳೆಯ ಹೆಸರು. ಮದುವೆಯ ಹೊರತು ಬೇರೇನನ್ನೂ ಅವರು ತೆಗೆದವರಲ್ಲ; ಆದರೆ ಯಜಮಾನಿಯ ಮಗಳ ಮದುವೆಯ ಆಲ್ಬಂ ಮಾಡಿದ್ದವರೆಂಬ ಅರ್ಹತೆಯಿಂದ ಬಂದಿದ್ದರು.

ಬೆಳಕುಗಳನ್ನು ನಿಲ್ಲಿಸಿ, ಮೊದಲು ಹೆಣ್ಣಿನ ಕಡೆಯವರು ಬರಲಿ ಎಂದರು. ಅವರ ಕ್ರಮವೇ ಹಾಗೆ: ಹೆಣ್ಣಿನ ಕಡೆ, ಗಂಡಿನ ಕಡೆ, ಜೋಡಿ, ಕಡೆಗೆ ಊಟ. ಕ್ಯಾಮೆರಾದಿಂದ ಚಿತ್ರಗಳನ್ನು ತೆಗೆದಿಡುವ ಫೋಲ್ಡರುಗಳೂ ಇವೇ ನಾಲ್ಕು. ಬೇರೆ ವ್ಯವಸ್ಥೆಯಲ್ಲಿ ಕೈ ಓಡುವುದಿಲ್ಲವೆಂದು ಅವರು ಮೊದಲೇ ಹೇಳಿದರು.

ಯಜಮಾನಿಗೆ ಇದರಲ್ಲಿ ಅಸಂಗತವಾದದ್ದೇನೂ ಕಾಣಲಿಲ್ಲ. ಪಟ್ಟದ ರಾಣಿಯನ್ನು ಹೆಣ್ಣೆಂದೂ ರಾಜನನ್ನು ಗಂಡೆಂದೂ ಇಟ್ಟುಕೊಂಡು ಅಂಗಡಿಯ ಸಮಸ್ತ ಬೊಂಬೆಗಳನ್ನೂ ಅವರು ವಿಂಗಡಿಸಿದರು. ಬೀಸುವ ಕಲ್ಲಿನ ಹೆಂಗಸರು, ವೀಣೆ ನುಡಿಸುವವಳು, ಹೂವಾಡಗಿತ್ತಿ, ನವಿಲು ಇವರೆಲ್ಲ ಹೆಣ್ಣಿನ ಕಡೆ. ಆನೆಗಳು, ಜಟ್ಟಿಗಳು, ಬ್ಯಾಂಡಿನವರು, ಸಿಪಾಯಿಗಳು ಗಂಡಿನ ಕಡೆ. ದೇವರುಗಳನ್ನು ಆಶೀರ್ವಾದಕ್ಕೆ ಬಂದ ಹಿರಿಯರೆಂದು ಜೋಡಿಯೊಡನೆ ನಿಲ್ಲಿಸಿದರು. ತರಕಾರಿಯ ಬುಟ್ಟಿಗಳು ಊಟದ ಲೆಕ್ಕಕ್ಕೆ ಹೋದವು. ದವಸದ ರಾಶಿಗಳ ನಡುವೆ ಕುಳಿತ ಶೆಟ್ಟರ ಬೊಂಬೆಯ ವಿಚಾರದಲ್ಲಿ ಮಾತ್ರ ಛಾಯಾಗ್ರಾಹಕರಿಗೆ ಸಂದೇಹ ಬಂತು.

"ಶೆಟ್ರು ಯಾರ ಕಡೆ ಅಮ್ಮೋರೆ?"

"ಶೆಟ್ರು ಎರಡೂ ಕಡೆಯೋರು ಕಣಪ್ಪ. ಅಕ್ಕಿಬೇಳೆ ಇಬ್ರಿಗೂ ಅವರಂಗಡಿದೇ ಅಲ್ವಾ."

ಶೆಟ್ಟರು ಎರಡು ಬಾರಿ ಚಿತ್ರಿತರಾದರು.

ಈ ತಂತ್ರಾಂಶವು ಒಂದೊಂದು ಫೋಲ್ಡರನ್ನೂ ಅಂಗಡಿಯ ಒಂದೊಂದು ವಿಭಾಗವೆಂದು ತಿಳಿಯುವಂಥದು. ಆದಕಾರಣ ಹೆಸರುಗಳನ್ನು ಮೊಟಕು ಮಾಡಿ ಮತ್ತೆ ಏರಿಸಿದ ಮರುದಿನ ಪ್ರಯೋಗಾರ್ಥವಾಗಿ ಪುಟವನ್ನು ತೆರೆದಾಗ, ಮೇಲ್ಭಾಗದಲ್ಲಿ ದಪ್ಪಕ್ಷರಗಳಿಂದ "ಗಂಡಿನ ಕಡೆಯವರು: ಎಲ್ಲರನ್ನೂ ನೋಡಿ" ಎಂದಿತ್ತು, ಕೆಳಗೆ ಜಟ್ಟಿಗಳು ಬೆಲೆಯ ಚೀಟಿಯೊಡನೆ ನಿಂತಿದ್ದರು. ಎಂಜಿನಿಯರ್ ಹುಡುಗಿ ಅದನ್ನು ಸರಿಪಡಿಸುತ್ತಿರುವಾಗಲೇ ಯಂತ್ರವು ಜಾಗವಿಲ್ಲವೆಂದು ಸಾರಿ ನಿಂತುಬಿಟ್ಟಿತು. ಮದುವೆಯ ಚಿತ್ರಗಳನ್ನು ಗೋಡೆಯಷ್ಟು ದೊಡ್ಡದಾಗಿ ಹಿಗ್ಗಿಸಿದರೂ ಮಸುಕಾಗಬಾರದೆಂಬುದು ಛಾಯಾಗ್ರಾಹಕರ ನಿಯಮ. ಗುಬ್ಬಚ್ಚಿಯ ಬೊಂಬೆಯ ಚಿತ್ರವೂ ಆನೆಯ ತೂಕವಿತ್ತು. ಅಂಗಡಿಯ ಸರ್ವರಿನಲ್ಲಿದ್ದ ಜಾಗವನ್ನೆಲ್ಲ ಎರಡೂ ಕಡೆಯ ನೆಂಟರೇ ತುಂಬಿಕೊಂಡಿದ್ದರು.

ಚಿತ್ರಗಳನ್ನು ಚಿಕ್ಕದು ಮಾಡಿಕೊಡಬೇಕೆಂದು ಅವಳು ಛಾಯಾಗ್ರಾಹಕರನ್ನು ಕೇಳಿದಳು. ಅವರಿಗೆ ನೋವಾಯಿತು. ಕೋಪವನ್ನು ನುಂಗಿಕೊಂಡು ಯಜಮಾನಿಯ ಕಡೆಗೆ ತಿರುಗಿದರು.

"ಮದುವೆ ಅಂದ್ಮೇಲೆ ಛತ್ರ ಸಾಲದೆ ಬರೋದು ಇದ್ದಿದ್ದೇ ಅಮ್ಮೋರೆ. ಅದಕ್ಕೆ ನೆಂಟರನ್ನ ಚಿಕ್ಕದು ಮಾಡಕ್ಕಾಗುತ್ತಾ? ದೊಡ್ಡ ಛತ್ರ ನೋಡ್ಸಿ."

ಉಗ್ರಾಣದ ಹವೆ

ದೊಡ್ಡ ಛತ್ರವನ್ನೇ ನೋಡಬೇಕಾಯಿತು. ಚಿತ್ರಗಳನ್ನು ಇಡಲು ದೂರದ ಊರುಗಳಲ್ಲಿ ಬಾಡಿಗೆಯ ಉಗ್ರಾಣಗಳಿವೆಯಂತೆ. ಬೇಕಾದಷ್ಟು ಜಾಗ, ಬಳಸಿದಷ್ಟಕ್ಕೆ ಬಾಡಿಗೆ. ಎಂಜಿನಿಯರ್ ಹುಡುಗಿ ಅಂಥದೊಂದನ್ನು ಗೊತ್ತುಮಾಡಿದಳು. ಯಜಮಾನಿ ಮಣ್ಣಿನ ಬೊಂಬೆ, ಕಾಗದದ ಬೊಂಬೆಗಳ ನಡುವೆ ಬಾಳಿದವರು. ಉಗ್ರಾಣವೆಂದೊಡನೆ ಅವರು ಕೇಳಿದ್ದು ಅದರ ನೆಲವನ್ನು.

ನೆಲಕ್ಕೆ ಒದ್ದೆ ಬರುತ್ತದೆಯೋ, ಇಲಿಗಳುಂಟೋ, ಗಾಳಿಯಾಡಲು ಕಿಟಕಿಯುಂಟೋ ಎಂದು ಕ್ರಮವಾಗಿ ವಿಚಾರಿಸಿದರು. ಅಲ್ಲಿರುವುದು ಚಿತ್ರಗಳೇ ಹೊರತು ಬೊಂಬೆಗಳಲ್ಲವೆಂದು ಅವಳು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಹಳೆಯ ಪಟಗಳನ್ನು ಒದ್ದೆಗೋಡೆಗೆ ತೂಗುಹಾಕಿ ಕಳೆದುಕೊಂಡವರು ಅವರು. ಚಿತ್ರವೆಂದರೂ ಒಂದೇ, ಬೊಂಬೆಯೆಂದರೂ ಒಂದೇ. ಕಡೆಗೆ, ಉಗ್ರಾಣವಿರುವುದು ಯಾವ ಊರಿನಲ್ಲಿ ಎಂದು ಕೇಳಿದರು.

"ಮುಂಬಯಿ, ಆಂಟಿ."

"ಸಮುದ್ರದ ಪಕ್ಕದಲ್ಲಾ? ಉಪ್ಪುಗಾಳಿಗೆ ಬಣ್ಣ ಬುಟ್ಟೋಗುತ್ತೆ ಕಣಮ್ಮ."

ಅವಳು ನಕ್ಕಳು. ಅವಳಿಗೆ ಬೇರೆಯ ಕೆಲಸಗಳಿದ್ದವು. ಹಬ್ಬ ಹತ್ತಿರ ಬಂದಿತ್ತು. ಪಾಡ್ಯದ ಬೆಳಗಿನವರೆಗೆ ಬೊಂಬೆಗಳನ್ನು ಹೊರಗಿನವರು ಯಾರೂ ನೋಡಬಾರದೆಂದು ಯಜಮಾನಿ ಕಟ್ಟಪ್ಪಣೆ ಮಾಡಿದ್ದರು. ಈ ನಿಯಮವನ್ನು ಮಾತ್ರ ಅವಳು ಮರುಮಾತಿಲ್ಲದೆ ಒಪ್ಪಿದಳು. ಅವರ ಮನೆಯಲ್ಲಿಯೂ ಹಾಗೆಯೇ. ಕ್ರಿಸ್‌ಮಸ್ಸಿಗೆ ಕಟ್ಟುವ ಗೋದಲಿಯಲ್ಲಿ ಕುರಿ ಕುರುಬರೆಲ್ಲ ಮೊದಲೇ ಬಂದು ಸೇರುತ್ತಾರೆ. ಬಾಲಯೇಸುವನ್ನು ಮಾತ್ರ ಹಬ್ಬ ಬರುವವರೆಗೆ ಬಟ್ಟೆಯಲ್ಲಿ ಮುಚ್ಚಿಟ್ಟಿರುತ್ತಾರೆ. ಅವಳು ಉಗ್ರಾಣಕ್ಕೆ ಬೀಗ ಹಾಕಿ, ಪಾಡ್ಯದ ಬೆಳಗ್ಗೆ ಯಜಮಾನಿ ದೀಪ ಹಚ್ಚಿದ ಮೇಲೆ ತೆಗೆದಳು.

ಅಂಗಡಿ ತೆರೆಯಿತು. ಯಜಮಾನಿ ತಮ್ಮ ಫೋನನ್ನು ಬಿಸಿಲಿಗೆ ಹಿಡಿದು ನೋಡಿದರು, ನೆರಳಿಗೆ ಹಿಡಿದು ನೋಡಿದರು. ರಾಣಿಯ ಕೆಂಪು ಸೀರೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ನವಿಲು ಬೂದುಗುಂಬಳದಂತಿತ್ತು. ಚಿತ್ರಗಳು ಬೇಗನೆ ತೆರೆದುಕೊಳ್ಳಲೆಂದು ಅವುಗಳನ್ನು ಹಿಂಡಿ ಹಗುರ ಮಾಡುವ ಏರ್ಪಾಡೊಂದನ್ನು ಎಂಜಿನಿಯರ್ ಹುಡುಗಿ ಮಾಡಿದ್ದಳು. ಹಿಂಡಿದ್ದು ಸ್ವಲ್ಪ ಹೆಚ್ಚಾಗಿತ್ತು. ಅದನ್ನು ಅವಳು ವಿವರಿಸುವ ಮೊದಲೇ ಯಜಮಾನಿ ಫೋನನ್ನು ನನ್ನ ಕೈಗೆ ಕೊಟ್ಟರು.

"ನೋಡಿ ಮೇಷ್ಟ್ರೇ. ನಾನು ಬಡ್ಕೊಂಡೆ. ಉಪ್ಪುಗಾಳಿ."

ಅಂದೇ ಉಗ್ರಾಣವನ್ನು ಹೈದರಾಬಾದಿಗೆ ವರ್ಗಾಯಿಸಲಾಯಿತು. ಅದೇ ಹೊತ್ತಿನಲ್ಲಿ ಹಿಂಡುವುದನ್ನೂ ಅವಳು ಕಡಿಮೆ ಮಾಡಿದಳು. ಕೆಂಪು ಮರಳಿ ಕೆಂಪಾಯಿತು. ಒಣಹವೆಯ ಊರಿನಲ್ಲಿಟ್ಟರೆ ಬಣ್ಣ ನಿಲ್ಲುತ್ತದೆಯೆಂದು ಯಜಮಾನಿ ಈಗಲೂ ಅಂಗಡಿ ತೆರೆಯುವವರಿಗೆಲ್ಲ ಹೇಳುತ್ತಿರುತ್ತಾರೆ.

ಬೆಣ್ಣೆ ಕೃಷ್ಣ

ಕೊಂಡವರು ತಮ್ಮ ಮನೆಯಲ್ಲಿ ಬೊಂಬೆ ಕೂಡಿಸಿದ ಚಿತ್ರಗಳನ್ನು ಅಂಗಡಿಗೆ ಕಳುಹಿಸಬಹುದೆಂದು ತಂತ್ರಾಂಶದಲ್ಲಿ ಒಂದು ಅನುಕೂಲವಿತ್ತು. ಉಗ್ರಾಣವನ್ನು ವರ್ಗಾಯಿಸಿದ ಅವಸರದಲ್ಲಿ ಎಂಜಿನಿಯರ್ ಹುಡುಗಿ ಅಂಗಡಿಯ ಚಿತ್ರಗಳಿಗೂ ಗಿರಾಕಿಗಳ ಚಿತ್ರಗಳಿಗೂ ಒಂದೇ ಫೋಲ್ಡರನ್ನು ತೋರಿಸಿದ್ದಳು. ಹೆಸರು ನೋಡಿ ಹಂಚುವುದು ಯಂತ್ರದ ಧರ್ಮವೆಂದು ಆಗಲೇ ಹೇಳಿದೆ.

ಶ್ರೀರಾಂಪುರದ ಒಬ್ಬ ಅಜ್ಜಿ ಬೆಣ್ಣೆ ಕೃಷ್ಣನ ಬೊಂಬೆಯನ್ನು ತರಿಸಿಕೊಂಡರು. ಸಂತೋಷವಾಗಿ, ಪುಟ್ಟ ಮೊಮ್ಮಗನಿಗೆ ನವಿಲುಗರಿ ಮುಡಿಸಿ, ಬೆಣ್ಣೆಯ ಕುಡಿಕೆ ಕೊಟ್ಟು, ಚಿತ್ರ ತೆಗೆದು, ಅದಕ್ಕೆ ಬೆಣ್ಣೆ ಕೃಷ್ಣನೆಂದೇ ಹೆಸರಿಟ್ಟು ಕಳುಹಿಸಿದರು. ಯಂತ್ರವು ಬೆಣ್ಣೆ ಕೃಷ್ಣನ ಪುಟದಲ್ಲಿದ್ದ ಬೊಂಬೆಯ ಚಿತ್ರವನ್ನು ಅಳಿಸಿ, ಅದರ ಸ್ಥಾನದಲ್ಲಿ ಇದನ್ನು ಇಟ್ಟಿತು. ಕೆಳಗೆ ಎಂದಿನಂತೆ ಬೆಲೆ. ಅದರ ಪಕ್ಕದಲ್ಲಿ, ಇನ್ನೊಂದು ಮಾತ್ರ ಉಳಿದಿದೆ ಎಂಬ ಎಚ್ಚರಿಕೆ. ಅದರ ಕೆಳಗೆ, ಧೂಳು ಬಿದ್ದರೆ ಒಣಬಟ್ಟೆಯಿಂದ ಒರೆಸಿ, ನೀರು ತಾಗಿಸಬೇಡಿ ಎಂಬ ನನ್ನ ಸೂಚನೆ.

ಮೊದಲು ಫೋನು ಮಾಡಿದವರು ಯಾರೋ ಹೊರ ಊರಿನವರು. ಮುಖದ ಕಳೆ ಬಹಳ ಚೆನ್ನಾಗಿದೆ, ಇದೇ ಮಾದರಿಯಲ್ಲಿ ಬಲರಾಮನೂ ಸಿಗಬಹುದೇ ಎಂದು ಕೇಳಿದರಂತೆ. ಆಗ ಯಜಮಾನಿ ಪುಟವನ್ನು ತೆರೆದು ನೋಡಿ, ನನ್ನನ್ನು ಕರೆಸಿ, ಎಂಜಿನಿಯರ್ ಹುಡುಗಿಗೆ ಹೇಳಿಕಳುಹಿಸಿದರು. ಅವಳು ಚಿತ್ರವನ್ನು ತೆಗೆಯುವ ಮೊದಲೇ ಅಜ್ಜಿಯ ಫೋನು ಬಂತು. ಯಜಮಾನಿ ಸ್ಪೀಕರನ್ನು ಹಾಕಿ, ಬೈಗುಳಕ್ಕೆ ಸಿದ್ಧರಾಗಿ ಕುಳಿತರು. ಶ್ರೀರಾಂಪುರದ ಬಡಾವಣೆಗಳಲ್ಲಿ ಈ ಅಜ್ಜಿಯ ಮಾತಿಗೆ ಬೆಲೆಯಿತ್ತು. ಅವರು ಮುನಿದರೆ ಆ ಕಡೆಯ ವ್ಯಾಪಾರವೆಲ್ಲ ಹೋದಂತೆಯೇ.

"ಅಲ್ರೀ, ನನ್ನ ಮೊಮ್ಮಗನ್ನ ಮಾರಕ್ಕೆ ಇಟ್ಟಿದೀರಲ್ಲ" ಎಂದರು ಅಜ್ಜಿ.

ಯಜಮಾನಿ ತಪ್ಪಾಯಿತೆಂದರು, ಈಗಲೇ ತೆಗೆಸುವೆನೆಂದರು.

"ತೆಗೀರಿ, ಬಿಡ್ರಿ, ಅದು ಆಮೇಲೆ. ಇಷ್ಟು ಕಮ್ಮಿ ಬೆಲೆ ಹಾಕೋದಾ? ಅದರ ಮೇಲೆ ದಸರಾ ರಿಯಾಯಿತಿ ಬೇರೆ."

ದಶಮಿಯ ಸಂಜೆ

ನವಮಿಯ ಹೊತ್ತಿಗೆ ಪರದೆಯ ವ್ಯಾಪಾರ ಹೇಗೋ ನಡೆದಿತ್ತು. ಆದರೆ ಹೇಗೋ ನಡೆದದ್ದು ಸಾಲದು. ಬಂದವರು ಒಂದೊಂದು ಬಿಡಿ ಬೊಂಬೆ ಕೊಂಡು ಹೋದರೇ ಹೊರತು, ಅಂಗಡಿಯನ್ನು ಉಳಿಸುವಂಥ ಕೊಳ್ಳುವಿಕೆ ಬರಲಿಲ್ಲ. ಗುತ್ತಿಗೆದಾರ ಆಯುಧಪೂಜೆಯ ದಿನವೇ ಬಂದು ಪಟ್ಟದ ಬೊಂಬೆಗಳನ್ನು ಸುತ್ತಲೂ ನೋಡಿ, ಹೋಟೆಲಿನವರು ಅವಸರ ಮಾಡುತ್ತಿದ್ದಾರೆಂದ. ದಶಮಿ ಕಳೆದ ಮರುದಿನ ಬನ್ನಿ ಎಂದು ಯಜಮಾನಿ ಕಳುಹಿಸಿದರು. ಅವನು ಹೋದ ಮೇಲೆ ಅವರು ರಾಣಿಯ ಸೆರಗಿನ ಧೂಳನ್ನು ಬಹಳ ಹೊತ್ತು ಒರೆಸುತ್ತಿದ್ದರು. ಅಲ್ಲಿ ಧೂಳಿರಲಿಲ್ಲ.

ನಮ್ಮಲ್ಲಿ ವಿಜಯದಶಮಿಯ ಸಂಜೆ ಆರತಿ ಬೆಳಗಿ ಪಟ್ಟದ ಬೊಂಬೆಗಳನ್ನು ಮಲಗಿಸುತ್ತಾರೆ. ಅವು ಮಲಗಿದರೆ ಸಭೆಯೇ ಮುಗಿದಂತೆ. ಮರುದಿನ ಮತ್ತೊಮ್ಮೆ ಆರತಿಯೆತ್ತಿ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿಡುವುದು. ಯಜಮಾನಿ ಜೋಡಿಯನ್ನು ಮನೆಗೆ ತಂದಿದ್ದರು; ಇನ್ನೊಮ್ಮೆ ಮಲಗಿಸುವ ಭಾಗ್ಯ ಉಂಟೋ ಇಲ್ಲವೋ ಎಂದು ನನ್ನನ್ನೂ ಬರಹೇಳಿದ್ದರು. ಆರತಿಯಾಯಿತು. ರಾಜರಾಣಿಯರು ಚಿಕ್ಕ ಹಾಸಿಗೆಯ ಮೇಲೆ ಮಲಗಿದರು. ಅಷ್ಟರಲ್ಲಿ ಅವರ ದೃಷ್ಟಿ ಫೋನಿನ ಕಡೆಗೆ ಹೋಯಿತು. ಪರದೆಯಲ್ಲಿ ಅದೇ ದಂಪತಿಗಳು, ಅಂಗಡಿಯ ಪುಟದ ನೆತ್ತಿಯ ಮೇಲೆ, ನೆಟ್ಟಗೆ ನಿಂತೇ ಇದ್ದರು.

"ಇಲ್ಲಿ ಮಲಗಿಸಿ ಅಲ್ಲಿ ನಿಲ್ಸಿದ್ರೆ ಎಂಗೆ ಮೇಷ್ಟ್ರೇ? ಕಾಲು ನೋಯಲ್ವಾ ಅವಕ್ಕೆ?"

ಎಂಜಿನಿಯರ್ ಹುಡುಗಿಯನ್ನು ಕರೆಯೋಣವೆಂದರೆ, ಅಂದು ಬನ್ನಿಮಂಟಪದಲ್ಲಿ ಪಂಜಿನ ಕವಾಯತು. ಅವಳ ಮನೆಯ ಸುತ್ತಿನ ದಾರಿಗಳಲ್ಲಿ ಮನುಷ್ಯರ ತಲೆಗಳಲ್ಲದೆ ನೆಲ ಕಾಣದು. ಆ ಜನಸಾಗರದ ನಡುವೆ ಫೋನೂ ಸೇರದು. ಎರಡು ಬಾರಿ ಪ್ರಯತ್ನಿಸಿ ಬಿಟ್ಟೆವು. ಚಿತ್ರವನ್ನು ಅಡ್ಡಡ್ಡ ತಿರುಗಿಸುವ ಗುಂಡಿಯನ್ನು ಅವಳು ಯಜಮಾನಿಗೆ ಹಿಂದೆಯೇ ತೋರಿಸಿಕೊಟ್ಟಿದ್ದಳು. ಅವರು ಜೋಡಿಯ ಚಿತ್ರವನ್ನು ಆರಿಸಿ, ಗುಂಡಿಯನ್ನೊತ್ತಿ ಮಲಗಿಸಿದರು. ಆಗ ಯಂತ್ರವು ಒಂದು ಪ್ರಶ್ನೆ ಕೇಳಿತು. ಪ್ರಶ್ನೆಯ ಕನ್ನಡ ನನ್ನದೇ: "ಈ ಮಾರ್ಪಾಡು ಸಮಸ್ತ ಚಿತ್ರಗಳಿಗೂ ಅನ್ವಯಿಸತಕ್ಕುದೋ?"

ಹಾಗೆಂದರೇನೆಂದು ಯಜಮಾನಿ ಕೇಳಿದರು. ಇವರಿಬ್ಬರನ್ನೇ ಮಲಗಿಸಬೇಕೋ, ಎಲ್ಲರನ್ನೂ ಮಲಗಿಸಬೇಕೋ ಎಂದು ಕೇಳುತ್ತಿದೆಯೆಂದೆ.

"ರಾಜನೇ ಮಲಗಿದ್ಮೇಲೆ ಮಿಕ್ಕೋರು ನಿಂತಿರ್ತಾರಾ? ಹೌದು ಅನ್ನಿ."

ಶಾಸ್ತ್ರದ ದೃಷ್ಟಿಯಿಂದ ಇದಕ್ಕೆ ಆಕ್ಷೇಪವಿರಲಿಲ್ಲ. ಹೌದೆಂಬಲ್ಲಿ ನಾನು ಬೆರಳಿಟ್ಟೆ.

ಪರದೆಯ ಮೇಲೆ ಅಂಗಡಿಯ ಸಮಸ್ತ ಪರಿವಾರವೂ ಒಂದೇ ಮಗ್ಗುಲಿಗೆ ಮಲಗಿತು. ಆನೆ ಅಂಬಾರಿಯೊಡನೆ ಮಲಗಿತು. ಬ್ಯಾಂಡಿನವರು ಕಹಳೆಗಳನ್ನು ಬಾಯಿಂದ ತೆಗೆಯದೆ ಮಲಗಿದರು. ಜಟ್ಟಿಗಳು ಹಿಡಿದ ಪಟ್ಟು ಬಿಡದೆ, ಶೆಟ್ಟರು ಎರಡೂ ವಿಭಾಗಗಳಲ್ಲಿ, ಹಾವಾಡಿಗ ತನ್ನ ಹಾವಿನೊಡನೆ. ದಶಾವತಾರಗಳು ಸಾಲಾಗಿ ಒರಗಿದವು. ಎಲ್ಲರನ್ನೂ ಅಡ್ಡ ಮಾಡುವ ಆ ಅಪ್ಪಣೆಯಿಂದ ಒಬ್ಬನಿಗೆ ಮಾತ್ರ ವಿಪರೀತ ಫಲವಾಯಿತು. ಆದಿಶೇಷನ ಮೇಲೆ ಸದಾ ಪವಡಿಸಿರುವ ರಂಗನಾಥನು, ಹಾಸಿಗೆಯ ಹೆಡೆಗಳ ಸಮೇತವಾಗಿ, ಎದ್ದು ನಿಂತಿದ್ದನು.

ನಾನು ಅದನ್ನು ತೋರಿಸಿದೆ. ಯಜಮಾನಿ ಕನ್ನಡಕವನ್ನು ಸರಿಪಡಿಸಿಕೊಂಡು ನೋಡಿದರು.

"ಇರಲಿ ಬುಡಿ. ಎಲ್ಲರೂ ಮಲಗಿದ್ಮೇಲೆ ಕಾವಲಿಗೆ ಒಬ್ರು ಬೇಕಲ್ಲ."

ಮರುದಿನ ಬೆಳಗ್ಗೆ ಎಂಜಿನಿಯರ್ ಹುಡುಗಿ ಏದುಸಿರು ಬಿಡುತ್ತ ಬಂದಳು. ಅಂಗಡಿಯೇ ಅಡ್ಡಬಿದ್ದಿದೆ, ಗಿರಾಕಿಗಳು ಓಡಿಹೋಗುತ್ತಾರೆ, ಕ್ಷಣದಲ್ಲಿ ಸರಿಮಾಡುತ್ತೇನೆಂದು ಲ್ಯಾಪ್‌ಟಾಪ್ ತೆರೆದಳು. ಯಜಮಾನಿ ಅದರ ಮೇಲೆ ಕೈಯಿಟ್ಟರು. ಎರಡನೆಯ ಆರತಿಯಾಗುವವರೆಗೆ ಮಲಗಿದವರನ್ನು ಎಬ್ಬಿಸುವಂತಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಪದ್ಧತಿ ಅಹುದೆಂದೆ. ಅವಳು ತಲೆಯ ಮೇಲೆ ಕೈಹೊತ್ತು ಕುಳಿತಳು.

ಫೋನುಗಳು ಮೊದಲಾದವು. ಮೊದಲನೆಯವರು, ತಾವು ನೋಡಿಟ್ಟಿದ್ದ ಕುದುರೆ ಬಿದ್ದುಹೋಗಿದೆ, ಒಡೆದ ಮಾಲು ಕಳುಹಿಸಬೇಡಿ ಎಂದರು.

"ಬಿದ್ದಿಲ್ಲ ಕಣ್ರೀ, ಮಲಗಿದೆ. ನೆನ್ನೆ ದಶಮಿ ಅಲ್ವಾ? ನಿಮ್ಮನೇಲಿ ಮಲಗಿಸಲಿಲ್ವಾ?" ಎಂದು ಯಜಮಾನಿ ಗದರಿದರು.

ಆ ಕಡೆಯವರು, ಮರೆತುಹೋಯಿತು ಅಮ್ಮಾ ಎಂದು ಮೆಲ್ಲನೆ ಹೇಳಿದರು; ಕುದುರೆಯ ಜೊತೆಗೆ ಒಂದು ಪಟ್ಟದ ಜೋಡಿಯನ್ನೂ ಕಾದಿರಿಸಬೇಕೆಂದರು. ಎರಡನೆಯ ಫೋನು ಶ್ರೀರಾಂಪುರದ ಅಜ್ಜಿಯದು. ಮಲಗಿದ ಅಂಗಡಿಯ ಚಿತ್ರವನ್ನು ಅವರು ಆಗಲೇ ತಮಗೆ ಗೊತ್ತಿದ್ದವರಿಗೆಲ್ಲ ಕಳುಹಿಸಿದ್ದರು: ನೋಡಿ, ಸಂಪ್ರದಾಯವೆಂದರೆ ಇದು, ಕಂಪ್ಯೂಟರಿನಲ್ಲಿಯೂ ಮಲಗಿಸಿದ್ದಾರೆ. ಅದು ಕೈಯಿಂದ ಕೈಗೆ ಹರಡಿತು. ಕಾರ್ತಿಕದಲ್ಲಿ ಮಗಳ ಮದುವೆಯಿಟ್ಟುಕೊಂಡ ತಾಯಂದಿರು ಒಬ್ಬರ ಹಿಂದೆ ಒಬ್ಬರು ಕೇಳತೊಡಗಿದರು. ಮಗಳ ಜೊತೆಗೆ ಕಳುಹಿಸಲು ಪಟ್ಟದ ಬೊಂಬೆ ಬೇಕು, ನಿಮ್ಮಲ್ಲಿಯೇ ಬೇಕು. ನಿಂತ ಬೊಂಬೆಗಳು ಒಂಬತ್ತು ದಿನ ನಿಂತು ಮಾಡದ ವ್ಯಾಪಾರವನ್ನು ಮಲಗಿದ ಬೊಂಬೆಗಳು ಮಧ್ಯಾಹ್ನದೊಳಗೆ ಮಾಡಿದವು.

ಊಟದ ಹೊತ್ತಿಗೆ ಗುತ್ತಿಗೆದಾರ ಲಾರಿಯನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ. ಯಜಮಾನಿ ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲಿಯೇ ನಿಂತು, ದನಿ ತಗ್ಗಿಸಿ ಹೇಳಿದರು:

"ಮಲಗವ್ರೆ ಕಣಪ್ಪ. ಎಬ್ಬಿಸೋ ಹಂಗಿಲ್ಲ."

ಯಾವಾಗ ಏಳುತ್ತಾರೆಂದು ಅವನು ಕೇಳಿದ. ಮುಂದಿನ ನವರಾತ್ರಿಗೆ ಎಂದರು.

ಆ ಸಂಜೆ ಎರಡನೆಯ ಆರತಿಯಾದ ಮೇಲೆ ಎಂಜಿನಿಯರ್ ಹುಡುಗಿ ಪರದೆಯವರನ್ನು ಎಬ್ಬಿಸಿ, ರಂಗನಾಥನನ್ನು ಮಲಗಿಸಿದಳು. ಕಾರ್ತಿಕದಲ್ಲಿ ಪೇಟೆಯ ಕಟ್ಟಡವನ್ನು ಕೆಡವಿದರು. ಅಂಗಡಿ ಈಗ ಎದುರು ಮನೆಯ ಮುಂದಿನ ಕೋಣೆಯಲ್ಲಿ ನಡೆಯುತ್ತಿದೆ. ಡಿಸೆಂಬರಿನಲ್ಲಿ ಅವಳು ತನ್ನ ಚರ್ಚಿನವರಿಗಾಗಿ ಗೋದಲಿಯ ಬೊಂಬೆಗಳನ್ನೂ ಅಂಗಡಿಗೆ ಸೇರಿಸಿದಳು. ಮರುದಿನ ಯಜಮಾನಿ ಪುಟವನ್ನು ನೋಡಿ, ದಶಮಿಯಂದು ಮಲಗಿದ ಮಗುವೊಂದನ್ನು ಎಬ್ಬಿಸಲು ಮರೆತಿದ್ದಾರೆಂದು ತಿಳಿದು, ಗುಂಡಿಯೊತ್ತಿ ಬಾಲಯೇಸುವನ್ನು ನೆಟ್ಟಗೆ ನಿಲ್ಲಿಸಿದರು. ಬನ್ನಿಮಂಟಪದಿಂದ ಫೋನು ಬಂತು.

"ಆಂಟಿ, ಅವರು ಮಲಗೇ ಇರಬೇಕು."

"ಹಬ್ಬದ ದಿನವೂನಾ?"

"ಹಬ್ಬದ ದಿನವೇ ಆಂಟಿ."

ಯಜಮಾನಿ ಮಗುವನ್ನು ಮರಳಿ ಮಲಗಿಸಿದರು. ಗೋದಲಿಯ ಬೊಂಬೆಗಳು ಹಬ್ಬಕ್ಕೆ ಮೊದಲೇ ಮುಗಿದುಹೋದವು. ಪಟ್ಟದ ಬೊಂಬೆಗಳು ಎದುರು ಮನೆಯ ಬೀರುವಿನಲ್ಲಿ, ಹಳೆಯ ಸೀರೆಯ ಬಟ್ಟೆಯೊಳಗೆ, ಜೊತೆಯಾಗಿ ಮಲಗಿವೆ.